ಇನ್ನೆಷ್ಟು ಹತ್ತಬೇಕು? ಎರಡು ವಾಚು, ಎರಡು ಉತ್ತರ

ಕುಮಾರ ಪರ್ವತದ ಕಲ್ಲು ಮಂಟಪದಲ್ಲಿ ಕೂತು ನೀರು ಕುಡಿಯುತ್ತಿದ್ದೆವು. ಡಿಸೆಂಬರ್ ತಿಂಗಳು. ಬೆಳಿಗ್ಗೆ ಹತ್ತೂವರೆ ಇರಬೇಕು, ಬಿಸಿಲು ಆಗಲೇ ಬೆನ್ನು ಸುಡುತ್ತಿತ್ತು. ಚಿಕ್ಕಪ್ಪನ ಮಗ ಕಾಲು ನೀಡಿಕೊಂಡು ಮೀನಖಂಡ ಒತ್ತಿಕೊಳ್ಳುತ್ತಿದ್ದ. "ಅಣ್ಣಾ, ಇನ್ನೆಷ್ಟು ಹತ್ತಬೇಕು?" ಅಂದ. ನಾನು ಎತ್ತರ ತೋರಿಸುವ ನನ್ನ ವಾಚು ನೋಡಿ ಒಂದು ಲೆಕ್ಕ ಹೇಳಿದೆ. ಅವನು ತನ್ನ ವಾಚು ನೋಡಿ, ಇಲ್ಲ ಅಣ್ಣ, ಅಷ್ಟಿಲ್ಲ ಅಂದ. ಎರಡರ ನಡುವೆ ವ್ಯತ್ಯಾಸ 140 ಮೀಟರ್. ಕಾಲು ಹಿಡಿದುಕೊಂಡಿರುವವನಿಗೆ 140 ಮೀಟರ್ ಅಂದರೆ ಸಣ್ಣ ಮಾತಲ್ಲ. ಮೂರು ಮೂರು ಮೀಟರಿನ ಮಹಡಿ ಲೆಕ್ಕದಲ್ಲಿ ನೋಡಿದರೆ ಅದು ನಲವತ್ತಾರು ಮಹಡಿ ಹತ್ತಿದಷ್ಟು. ಹೋಗೋದಾ, ಇಲ್ಲಿಂದಲೇ ಇಳಿಯೋದಾ ಅನ್ನುವುದನ್ನು ಆ ಸಂಖ್ಯೆ ನೋಡಿಯೇ ನಿರ್ಧಾರ ಮಾಡಬೇಕಿತ್ತು.

ಅವತ್ತು ಹತ್ತಿದೆವು, ಕ್ಷೇಮವಾಗಿ ಇಳಿದೆವು. ಆದರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಮನೆಗೆ ಬಂದ ಮೇಲೆ ಅವನ ವಾಚು ಕೇಳಿ ಇಸಿದುಕೊಂಡೆ. ಎಡಗೈಗೆ ನನ್ನದು, ಬಲಗೈಗೆ ಅವನದು ಕಟ್ಟಿಕೊಂಡು ಸಾವನದುರ್ಗ, ಮುಳ್ಳಯ್ಯನಗಿರಿ, ಮತ್ತೊಮ್ಮೆ ಕುಮಾರ ಪರ್ವತ, ಆಮೇಲೆ ಸೆಪ್ಟೆಂಬರಿನಲ್ಲಿ ಕೊಡಚಾದ್ರಿ ಸುತ್ತಿ ಬಂದೆ. ಪ್ರತಿ ಸಲ ಪುಸ್ತಕದಲ್ಲಿ ಬರೆದುಕೊಂಡೆ. ಈ ವಿಮರ್ಶೆ ಆ ಪುಸ್ತಕದಿಂದ ಬಂದದ್ದು. ಎರಡೂ ವಾಚುಗಳ ಕಂಪನಿ ಹೆಸರು ಹೇಳುವುದಿಲ್ಲ. ಇಲ್ಲಿ ವ್ಯತ್ಯಾಸ ಮಾಡುವುದು ಒಳಗೆ ಯಾವ ಸೆನ್ಸರ್ ಇದೆ ಅನ್ನುವುದು, ಅದು ಯಾವ ಕಂಪನಿ ವಾಚಿಗೂ ಅನ್ವಯಿಸುತ್ತದೆ. ನನ್ನದು ಸುಮಾರು 26 ಸಾವಿರದ್ದು, ಒಳಗೆ ಬ್ಯಾರೋಮೀಟರ್ ಇದೆ, ಅಂದರೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ತಮ್ಮನದು 9 ಸಾವಿರದ್ದು, ಬರೀ ಜಿಪಿಎಸ್.

ಮೊದಲೇ ಹೇಳಿಬಿಡುತ್ತೇನೆ. ಬೆಟ್ಟ ಹತ್ತುವ ಅಭ್ಯಾಸ ಇದ್ದರೆ ಬ್ಯಾರೋಮೀಟರ್ ಇಲ್ಲದ ವಾಚಿನ ಎತ್ತರದ ಲೆಕ್ಕವನ್ನು ನಂಬಬೇಡಿ. ಬ್ಯಾರೋಮೀಟರ್ ಇರುವುದನ್ನು ನಂಬಬಹುದು, ಆದರೆ ಅದರ ಸ್ವಭಾವ ಗೊತ್ತಿರಬೇಕು. ನಮ್ಮ ಕಡೆಯ ಬಿಸಿಲು, ನಮ್ಮ ಕಡೆಯ ಮಧ್ಯಾಹ್ನ ಎರಡೂ ಅದರ ಲೆಕ್ಕ ಕೆಡಿಸುತ್ತವೆ. ಎಷ್ಟು ಕೆಡಿಸುತ್ತವೆ ಅಂತ ಗೊತ್ತಿದ್ದರೆ ಮನಸ್ಸಿನಲ್ಲೇ ಸರಿಮಾಡಿಕೊಳ್ಳಬಹುದು.

ಬ್ಯಾರೋಮೀಟರ್ ವಾಚು ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ತನ್ನ ಮೇಲೆ ಎಷ್ಟು ಗಾಳಿಯ ಭಾರ ಇದೆ ಅಂತ ತೂಗುತ್ತದೆ. ಮೇಲೆ ಹೋದಷ್ಟೂ ತಲೆ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಸಮುದ್ರ ಮಟ್ಟದಲ್ಲಿ ಒತ್ತಡ ಸುಮಾರು 1013 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡ ಹೇಳುವ ಅಳತೆ), ಕುಮಾರ ಪರ್ವತದ ನೆತ್ತಿಯಲ್ಲಿ 830ರ ಆಸುಪಾಸು. ಕೆಳಗೆ ಎಂಟೂ ಚಿಲ್ಲರೆ ಮೀಟರ್ ಹತ್ತಿದರೆ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ, ಮೇಲೆ ಹೋದಾಗ ಅದಕ್ಕೆ ಹತ್ತು ಮೀಟರ್ ಬೇಕಾಗುತ್ತದೆ. ಈ ಸೆನ್ಸರ್‌ಗಳು ಎಷ್ಟು ಸೂಕ್ಷ್ಮ ಅಂದರೆ, ಬಾಷ್ ಕಂಪನಿಯ ಬಿಎಂಪಿ390 ಅನ್ನುವ ಚಿಪ್ ಕಾಲು ಮೀಟರಿನಷ್ಟು ಏರಿಳಿತವನ್ನೂ ಗುರುತಿಸಬಲ್ಲದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೆಲಮಹಡಿಯಿಂದ ನಾಲ್ಕನೇ ಮಹಡಿಗೆ ಹತ್ತಿ ನೋಡಿದೆ. ಎಡಗೈ ವಾಚು ಪ್ರತಿ ಮಹಡಿಗೂ ಮೂರು ಮೂರು ಮೀಟರ್ ಸರಿಯಾಗಿ ಏರಿಸಿತು. ಬಲಗೈ ವಾಚಿಗೆ ನಾನು ಹತ್ತಿದ್ದೇ ಗೊತ್ತಾಗಲಿಲ್ಲ.

ಜಿಪಿಎಸ್ ಕಥೆ ಬೇರೆ. ಎಡಕ್ಕೆ ಬಲಕ್ಕೆ ಎಲ್ಲಿದ್ದೀರಿ ಅಂತ ಹೇಳುವುದರಲ್ಲಿ ಅದು ಜಾಣ. ಎತ್ತರದ ವಿಷಯಕ್ಕೆ ಬಂದರೆ ಎಡವುತ್ತದೆ. ಕಾರಣ ಸರಳ. ಉಪಗ್ರಹಗಳೆಲ್ಲ ತಲೆಯ ಮೇಲೆ ಇವೆ, ಕಾಲ ಕೆಳಗೆ ಒಂದೂ ಇಲ್ಲ. ಸುತ್ತಲೂ ಉಪಗ್ರಹ ಇದ್ದರೆ ಒಂದರ ತಪ್ಪನ್ನು ಎದುರಿನದು ಹಿಡಿಯುತ್ತದೆ. ಎತ್ತರದ ವಿಷಯದಲ್ಲಿ ಹಾಗೆ ಹಿಡಿಯಲು ಕೆಳಗಡೆ ಯಾರೂ ಇಲ್ಲ. ವಾಚು ಮಾಡುವ ಗಾರ್ಮಿನ್ ಕಂಪನಿ ತನ್ನ ಗ್ರಾಹಕರಿಗೆ ಕೊಡುವ ಮಾಹಿತಿಯಲ್ಲೇ ಜಿಪಿಎಸ್ ಎತ್ತರ 400 ಅಡಿಯವರೆಗೆ ಆಚೀಚೆ ಆಗಬಹುದು ಅಂತ ಒಪ್ಪಿಕೊಂಡಿದೆ. 400 ಅಡಿ ಅಂದರೆ 120 ಮೀಟರ್. ಇನ್ನು ಕುಮಾರ ಪರ್ವತದ ಬುಡದ ಕುಕ್ಕೆಯಿಂದ ನಡುದಾರಿಯಲ್ಲಿ ಸಿಗುವ ಭಟ್ಟರ ಮನೆವರೆಗಿನ ದಾರಿ ನೆನಪಿಸಿಕೊಳ್ಳಿ. ದಟ್ಟ ಕಾಡು, ಬೇರುಗಳ ಮೇಲೆ ಕಾಲಿಟ್ಟು ಹತ್ತಬೇಕು, ಆಕಾಶವೇ ಸರಿಯಾಗಿ ಕಾಣಿಸುವುದಿಲ್ಲ. ಅಲ್ಲಿ ಸಿಗ್ನಲ್ ಮರಕ್ಕೆ ಬಡಿದು ಬಂಡೆಗೆ ಬಡಿದು ಸುತ್ತಿಕೊಂಡು ಬರುತ್ತದೆ. ಬಲಗೈ ವಾಚಿನ ಗ್ರಾಫ್ ನೋಡಿದರೆ ಆ ಭಾಗ ಪೂರ್ತಿ ಗರಗಸದ ಹಲ್ಲಿನ ಹಾಗೆ ಇದೆ. ಭಟ್ಟರ ಮನೆ ದಾಟಿ ಹುಲ್ಲುಗಾವಲಿಗೆ ಬಂದ ಮೇಲೆ ಅದೇ ಗೆರೆ ನಯವಾಗುತ್ತದೆ. ನೆತ್ತಿಗಿಂತ ಮೊದಲು ಸಿಗುವ ಶೇಷ ಪರ್ವತ ದಾಟಿ ದಟ್ಟ ಶೋಲಾ ಕಾಡಿಗೆ ಇಳಿದಾಗ ಮತ್ತೆ ಗರಗಸ.

ಇಲ್ಲಿ ಇನ್ನೊಂದು ವಿಷಯ, ಸ್ವಲ್ಪ ದಾರಿ ತಪ್ಪಿದರೂ ಹೇಳಲೇಬೇಕು, ನಮ್ಮ ಭಾಗದವರಿಗೆ ಮಾತ್ರ ಇಷ್ಟು ಜೋರಾಗಿ ತಟ್ಟುವ ವಿಷಯ. ಒಮ್ಮೆ ಪಣಂಬೂರು ಬೀಚಿನಲ್ಲಿ ಅಲೆ ಕಾಲಿಗೆ ತಾಗುವಂತೆ ನಿಂತು ಫೋನಿನ ಒಂದು ಆ್ಯಪ್ ತೆರೆದೆ. ಎತ್ತರ ಮೈನಸ್ 80 ದಾಟಿತ್ತು. ಫೋನ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಜಿಪಿಎಸ್ ಮೊದಲು ಲೆಕ್ಕ ಹಾಕುವುದು ಭೂಮಿಯನ್ನು ಒಂದು ನುಣುಪಾದ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ಗೋಳ ಅಂತ ಭಾವಿಸಿಕೊಂಡು. ನಿಜವಾದ ಸಮುದ್ರ ಮಟ್ಟ ಹಾಗಿಲ್ಲ, ಗುರುತ್ವ ಎಲ್ಲಿ ಕಡಿಮೆಯೋ ಅಲ್ಲಿ ತಗ್ಗಾಗಿರುತ್ತದೆ. ಇಡೀ ಭೂಮಿಯಲ್ಲಿ ಅಂಥ ಅತಿ ದೊಡ್ಡ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಆಳ ಸುಮಾರು 106 ಮೀಟರ್. ಅದರ ಅಂಚು ನಮ್ಮ ಕರಾವಳಿಯವರೆಗೂ ಹರಡಿಕೊಂಡಿದೆ, ಹಾಗಾಗಿ ನಮ್ಮಲ್ಲಿ ಸುಮಾರು 80-90 ಮೀಟರ್ ವ್ಯತ್ಯಾಸ ಬರುತ್ತದೆ. ಈ ತಗ್ಗು ಯಾಕಾಯಿತು ಅನ್ನುವುದಕ್ಕೆ 2023ರಲ್ಲಿ ಒಂದು ವಿವರಣೆ ಕೊಟ್ಟವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ವಿಜ್ಞಾನಿಗಳೇ. ಒಳ್ಳೆಯ ವಾಚುಗಳು ಈ ವ್ಯತ್ಯಾಸ ಸರಿಪಡಿಸಿಯೇ ತೋರಿಸುತ್ತವೆ. ಕೆಲವು ಫೋನ್ ಆ್ಯಪ್‌ಗಳು ಸರಿಪಡಿಸುವುದಿಲ್ಲ. ನಿಮ್ಮ ಆ್ಯಪ್ ಯಾವ ಬೆಟ್ಟದ ಮೇಲೂ ಎತ್ತರವನ್ನು ಒಂದೇ ಸಮನೆ 80-90 ಮೀಟರ್ ಕಡಿಮೆ ತೋರಿಸುತ್ತಿದ್ದರೆ ಕಾರಣ ಇದೇ ಇರಬಹುದು.

ಮತ್ತೆ ಕುಮಾರ ಪರ್ವತಕ್ಕೆ ಬರೋಣ. ಮೊದಲ ಸಲ ಹೋದಾಗ ನನ್ನ ವಾಚನ್ನು ಬೆಳಿಗ್ಗೆ 6 ಗಂಟೆಗೆ ಕುಕ್ಕೆಯಲ್ಲಿ 120 ಮೀಟರ್ ಅಂತ ಸೆಟ್ ಮಾಡಿದೆ. ಜಿಪಿಎಸ್ ನೋಡಿ ತಾನೇ ತಿದ್ದಿಕೊಳ್ಳುವ ಸೌಲಭ್ಯ ಅದರಲ್ಲಿದೆ, ಅದನ್ನು ಬೇಕಂತಲೇ ಆಫ್ ಮಾಡಿದ್ದೆ. ಬರೀ ಗಾಳಿಯ ಒತ್ತಡ ಏನು ಹೇಳುತ್ತದೆ ನೋಡೋಣ ಅಂತ. ಶಿಖರದ ಎತ್ತರ 1,712 ಮೀಟರ್. ಒಂದು ಗಂಟೆ ಸುಮಾರಿಗೆ ತುದಿಯಲ್ಲಿ ನಿಂತು ನೋಡಿದರೆ ವಾಚು ತೋರಿಸಿದ್ದು 1,636. ಎಪ್ಪತ್ತಾರು ಮೀಟರ್ ಖೋತಾ. ನನಗೆ ತುಂಬಾ ಬೇಜಾರಾಯಿತು. ಇಷ್ಟು ದುಡ್ಡು ಕೊಟ್ಟು ತಗೊಂಡದ್ದು, ದಾರಿಯುದ್ದಕ್ಕೂ ತಮ್ಮನಿಗೆ ಇದನ್ನೇ ನಂಬು ಅಂತ ಹೇಳಿಕೊಂಡು ಬಂದಿದ್ದೆ.

ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇದು, ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒತ್ತಡವನ್ನು ಎತ್ತರಕ್ಕೆ ಬದಲಾಯಿಸುವಾಗ ಸಾಮಾನ್ಯವಾಗಿ ಬಳಸುವ ಸೂತ್ರ ಒಂದು ಮಾದರಿ ವಾತಾವರಣವನ್ನು ಇಟ್ಟುಕೊಂಡಿರುತ್ತದೆ. ಆ ಮಾದರಿಯಲ್ಲಿ ಸಮುದ್ರ ಮಟ್ಟದಲ್ಲಿ ಉಷ್ಣತೆ 15 ಡಿಗ್ರಿ, ಮೇಲೆ ಹೋದ ಹಾಗೆ ಪ್ರತಿ ಕಿಲೋಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತದೆ. ಅದರ ಪ್ರಕಾರ ಕುಮಾರ ಪರ್ವತದ ನೆತ್ತಿಯಲ್ಲಿ 4 ಡಿಗ್ರಿ ಇರಬೇಕು! ಅವತ್ತು ಅಲ್ಲಿ ಸುಮಾರು 18-20 ಇತ್ತು. ಕುಕ್ಕೆಯಲ್ಲಿ ಮಧ್ಯಾಹ್ನ 28 ದಾಟಿತ್ತು. ಬಿಸಿಯಾದ ಗಾಳಿ ಉಬ್ಬಿಕೊಂಡು ತೆಳ್ಳಗಾಗಿರುತ್ತದೆ. ತೆಳ್ಳಗಿನ ಗಾಳಿಯಲ್ಲಿ ಅಷ್ಟೇ ಒತ್ತಡ ಇಳಿಯಬೇಕಾದರೆ ಜಾಸ್ತಿ ಮೇಲೆ ಹತ್ತಬೇಕು. ನೀವು ಹತ್ತಿರುತ್ತೀರಿ, ವಾಚಿಗೆ ಅದು ಗೊತ್ತಾಗುವುದಿಲ್ಲ. ವಿಮಾನ ಓಡಿಸುವವರಿಗೆ ಈ ಲೆಕ್ಕ ಬಾಯಿಪಾಠ: ಮಾದರಿಗಿಂತ ಪ್ರತಿ 10 ಡಿಗ್ರಿ ವ್ಯತ್ಯಾಸಕ್ಕೆ ಎತ್ತರದಲ್ಲಿ ಸುಮಾರು ನೂರಕ್ಕೆ ನಾಲ್ಕು ತಪ್ಪುತ್ತದೆ. ನಮ್ಮಲ್ಲಿ ವ್ಯತ್ಯಾಸ 14 ಡಿಗ್ರಿ ಇತ್ತು, ಅಂದರೆ ನೂರಕ್ಕೆ ಐದೂ ಚಿಲ್ಲರೆ. ಹತ್ತಿದ್ದು 1,592 ಮೀಟರ್, ಅದರ ನೂರಕ್ಕೆ ಐದು ಅಂತ ಇಟ್ಟುಕೊಂಡರೂ 80 ಮೀಟರ್. ನನ್ನ ವಾಚು ಕಳೆದುಕೊಂಡದ್ದು 76. ಈ ಲೆಕ್ಕ ಹಾಳೆಯ ಮೇಲೆ ಕೂಡಿ ಬಂದಾಗ ಆದ ಸಂತೋಷ ಅಷ್ಟಿಷ್ಟಲ್ಲ. ವಾಚು ತನ್ನ ಕೆಲಸ ಸರಿಯಾಗೇ ಮಾಡಿತ್ತು. ಅದಕ್ಕೆ ಕೊಟ್ಟ ಸೂತ್ರ ನಮ್ಮ ಊರಿನ ಸೆಖೆಗೆ ಬರೆದದ್ದಾಗಿರಲಿಲ್ಲ.

ಆಮೇಲಿಂದ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಪಶ್ಚಿಮ ಘಟ್ಟದಲ್ಲಿ ಹತ್ತುವಾಗ, ಜಿಪಿಎಸ್ ತಿದ್ದುಪಡಿ ಆಫ್ ಇದ್ದರೆ, ವಾಚು 100 ಮೀಟರ್ ಅಂದದ್ದನ್ನು 105 ಅಂತ ಓದಿಕೊಳ್ಳುತ್ತೇನೆ. ಇಷ್ಟೇ. ಇದು ಹೆಚ್ಚಿನ ದಿನ ಹತ್ತು ಹದಿನೈದು ಮೀಟರಿನೊಳಗೆ ಸರಿ ಬರುತ್ತದೆ.

ಎರಡನೆಯದು ಮಧ್ಯಾಹ್ನದ ಸಮಸ್ಯೆ. ಸಮುದ್ರಕ್ಕೆ ಉಬ್ಬರ ಇಳಿತ ಇರುವ ಹಾಗೆ ಗಾಳಿಗೂ ಇದೆ. ನಮ್ಮಂಥ ಉಷ್ಣವಲಯದಲ್ಲಿ ಅದು ಗಡಿಯಾರದ ಹಾಗೆ ನಡೆಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಜಾಸ್ತಿ, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸ. ಒತ್ತಡ ಇಳಿದರೆ ವಾಚು ಏನು ತಿಳಿಯುತ್ತದೆ? ನೀವು ಮೇಲೆ ಹತ್ತಿದ್ದೀರಿ ಅಂತ. ಒಂದು ಭಾನುವಾರ ವಾಚನ್ನು ಮನೆಯ ಮೇಜಿನ ಮೇಲೆ ಬಿಟ್ಟು ನೋಡಿದೆ. ಬೆಳಿಗ್ಗೆ ಹತ್ತಕ್ಕೆ 905 ಇದ್ದದ್ದು ಸಂಜೆ ನಾಲ್ಕಕ್ಕೆ 935 ಆಗಿತ್ತು. ಮೂವತ್ತು ಮೀಟರ್! ಕುಮಾರ ಪರ್ವತದಲ್ಲೂ ಇದೇ ಆಯಿತು. ಹತ್ತುವಾಗ ಎಂಟೂವರೆಗೆ ಭಟ್ಟರ ಮನೆ ಜಗಲಿಯಲ್ಲಿ ಎತ್ತರ ಬರೆದುಕೊಂಡಿದ್ದೆ, ಇಳಿಯುವಾಗ ನಾಲ್ಕು ಗಂಟೆಗೆ ಅದೇ ಜಗಲಿಯಲ್ಲಿ ಅದೇ ಜಾಗದಲ್ಲಿ ಕೂತು ನೋಡಿದರೆ 24 ಮೀಟರ್ ಜಾಸ್ತಿ. ಯುರೋಪಿನಲ್ಲೋ ಅಮೆರಿಕದಲ್ಲೋ ಬರೆದ ವಿಮರ್ಶೆಗಳಲ್ಲಿ ಮಳೆ ಮೋಡ ಬಂದರೆ ಬ್ಯಾರೋಮೀಟರ್ ತಪ್ಪುತ್ತದೆ ಅಂತ ಓದಿರುತ್ತೀರಿ. ಅದು ನಿಜ. ಆದರೆ ನಮ್ಮಲ್ಲಿ ತಿಳಿ ಆಕಾಶದ ದಿನವೂ ತಪ್ಪುತ್ತದೆ, ದಿನಾ ತಪ್ಪುತ್ತದೆ, ಒಂದೇ ಹೊತ್ತಿಗೆ ತಪ್ಪುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಈಗ ಒಟ್ಟು ಏರಿಕೆಯ ಲೆಕ್ಕ. ಎಲ್ಲರೂ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದು ಇದನ್ನೇ ಅಲ್ವಾ, ಇವತ್ತು ಇಷ್ಟು ಮೀಟರ್ ಹತ್ತಿದೆ ಅಂತ. ಮೊದಲ ಕುಮಾರ ಪರ್ವತ ಪ್ರಯಾಣದಲ್ಲಿ, ಹೋಗಿ ಬರುವುದು ಎಲ್ಲ ಸೇರಿ, ನನ್ನ ವಾಚು ಕೊಟ್ಟದ್ದು 1,724 ಮೀಟರ್. ತಮ್ಮನ ವಾಚು ಕೊಟ್ಟದ್ದು 2,390. ಒಂದೇ ದಾರಿ, ಒಂದೇ ದಿನ, ಇಬ್ಬರೂ ಹತ್ತು ಹೆಜ್ಜೆ ಅಂತರದಲ್ಲೇ ನಡೆದವರು. ಯಾವುದು ಹತ್ತಿರ ಅಂತ ಸುಮ್ನೆ ಲೆಕ್ಕ ಹಾಕಿ ನೋಡಿ. ಕುಕ್ಕೆಯಿಂದ ನೆತ್ತಿಗೆ 1,592. ನಡುವೆ ಭಟ್ಟರ ಮನೆ ಹತ್ತಿರ ಸ್ವಲ್ಪ ಇಳಿದು ಹತ್ತುವುದಿದೆ, ಶೇಷ ಪರ್ವತದಿಂದ ಕಾಡಿಗೆ ಇಳಿದು ಮತ್ತೆ ಬಂಡೆ ಹತ್ತುವುದಿದೆ, ವಾಪಸ್ ಬರುವಾಗ ಅದೇ ತಗ್ಗುಗಳನ್ನು ಈ ಕಡೆಯಿಂದ ಹತ್ತಬೇಕು. ಎಲ್ಲ ಸೇರಿಸಿದರೂ 1,800ರ ಆಸುಪಾಸು ಆಗುತ್ತದೆ. 2,390 ಎಲ್ಲಿಂದ ಬಂತು?

ಬಂದದ್ದು ನಡುಕದಿಂದ. ಜಿಪಿಎಸ್ ಎತ್ತರ ನಿಂತಲ್ಲೇ ಏರುತ್ತಾ ಇಳಿಯುತ್ತಾ ಇರುತ್ತದೆ. ವಾಚು ಇಳಿದದ್ದನ್ನು ಬಿಟ್ಟು ಏರಿದ್ದನ್ನು ಮಾತ್ರ ಕೂಡಿಸಿಕೊಳ್ಳುತ್ತಾ ಹೋಗುತ್ತದೆ. ಐದು ಮೀಟರ್ ಮೇಲೆ, ಐದು ಮೀಟರ್ ಕೆಳಗೆ, ಮತ್ತೆ ಐದು ಮೇಲೆ ಅಂತ ಕುಣಿದರೆ ನೀವು ಇದ್ದಲ್ಲೇ ಇದ್ದರೂ ಹತ್ತು ಮೀಟರ್ ಜಮಾ. ಭಟ್ಟರ ಮನೆಯಲ್ಲಿ ಅನ್ನ ಸಾಂಬಾರು ಮಜ್ಜಿಗೆ ಉಂಡು ಎದ್ದ ಅರ್ಧ ಗಂಟೆಯಲ್ಲಿ ತಮ್ಮನ ವಾಚಿನಲ್ಲಿ 38 ಮೀಟರ್ ಏರಿಕೆ ಸೇರಿತ್ತು. ನನ್ನದರಲ್ಲಿ 2 ಮೀಟರ್. ಈ ಕುಣಿತ ತಡೆಯಲು ಪ್ರತಿ ಕಂಪನಿಯೂ ತನ್ನದೇ ಒಂದು ಗಡಿ ಇಟ್ಟುಕೊಂಡಿರುತ್ತದೆ, ಇಷ್ಟು ಮೀಟರಿಗಿಂತ ಕಡಿಮೆ ಏರಿದರೆ ಲೆಕ್ಕಕ್ಕಿಲ್ಲ ಅಂತ. ಆ ಗಡಿ ಒಬ್ಬೊಬ್ಬರದು ಒಂದೊಂದು. ಹಾಗಾಗಿ ಬೇರೆ ಬೇರೆ ವಾಚಿನವರು ಒಟ್ಟು ಏರಿಕೆಯನ್ನು ಹೋಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇದು ಬರೀ ಸ್ಟೇಟಸ್ ವಿಷಯ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತಮ್ಮ ಕುಮಾರ ಪರ್ವತಕ್ಕೆ ಅಂತ ಆರು ವಾರ ತಯಾರಿ ಮಾಡಿದ್ದ. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಹೋಗಿ ಹತ್ತಿ ಇಳಿದು ಮಾಡುತ್ತಿದ್ದ, ವಾರಕ್ಕೆ 1,000 ಮೀಟರ್ ಗುರಿ. ವಾಚು ಪ್ರತಿ ವಾರವೂ ಗುರಿ ಮುಟ್ಟಿದೆ ಅಂತ ಹಸಿರು ಬಣ್ಣ ತೋರಿಸಿತು. ಆಮೇಲೆ ನಾನು ಎರಡೂ ವಾಚು ಕಟ್ಟಿಕೊಂಡು ಅವನದೇ ದಾರಿಯಲ್ಲಿ ಓಡಾಡಿ ಬಂದೆ. ಅವನ ವಾಚು 310 ಅಂದ ಕಡೆ ನನ್ನದು 190 ಅಂದಿತು. ಅಂದರೆ ಅವನು ಪ್ರತಿ ವಾರ ಹತ್ತಿದ್ದು 1,000 ಅಲ್ಲ, 600ರ ಹತ್ತಿರ. ಚಳಿಯಲ್ಲಿ ಐದು ಗಂಟೆಗೆ ಎದ್ದು ಶ್ರದ್ಧೆಯಿಂದ ಮಾಡಿದ ಹುಡುಗ ಅವನು. ಬೆಟ್ಟದಲ್ಲಿ ಕಾಲು ಹಿಡಿದುಕೊಂಡಾಗ ತನ್ನ ದೇಹವೇ ಇಷ್ಟು ಅಂತ ತನ್ನನ್ನೇ ಬೈದುಕೊಂಡ. ತಪ್ಪು ಅವನದಾಗಿರಲಿಲ್ಲ. ಇದಕ್ಕೆ ನನಗೆ ಸಿಟ್ಟು ಬರುತ್ತದೆ. ಅಳೆಯಲು ಬಾರದ ಸಂಖ್ಯೆಯನ್ನು ತೋರಿಸುವುದಕ್ಕಿಂತ ಆ ಜಾಗ ಖಾಲಿ ಬಿಡುವುದು ಒಳ್ಳೆಯದಲ್ವಾ?

ಕೆಲವರು ಹೇಳುತ್ತಾರೆ, ಆ್ಯಪ್‌ನಲ್ಲಿ ಎತ್ತರ ಸರಿಪಡಿಸು ಅಂತ ಒಂದು ಬಟನ್ ಇರುತ್ತದೆ, ಒತ್ತಿದರೆ ಸಾಕು ಅಂತ. ಓಟ, ಚಾರಣ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲೂ ಇದೆ. ಬ್ಯಾರೋಮೀಟರ್ ಇಲ್ಲದ ಸಾಧನದಿಂದ ಬಂದ ದಾಖಲೆಗೆ ಅದು ತಾನೇ ನಕ್ಷೆಯ ಎತ್ತರ ಹಾಕಿಕೊಳ್ಳುತ್ತದೆ. ಬಟನ್ ಒತ್ತಿದಾಗ ಆಗುವುದು ಏನೆಂದರೆ ವಾಚಿನ ಎತ್ತರವನ್ನು ಎಸೆದು, ನೀವು ನಡೆದ ಜಾಗದ ಎತ್ತರವನ್ನು ಮೊದಲೇ ಇರುವ ನಕ್ಷೆಯಿಂದ ತೆಗೆದುಕೊಳ್ಳುವುದು. ಇಂಥ ನಕ್ಷೆಗಳಲ್ಲಿ ತುಂಬ ಬಳಕೆಯಲ್ಲಿರುವ ಒಂದು, 2000ನೇ ಇಸವಿ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಸುತ್ತಿ ರೇಡಾರಿನಲ್ಲಿ ಮಾಡಿದ ಅಳತೆ. ದೊಡ್ಡ ಕೆಲಸ ಅದು, ಗೌರವ ಇದೆ. ಆದರೆ ಅದರಲ್ಲಿ ಒಂದೊಂದು ಚೌಕ 30 ಮೀಟರ್ ಅಗಲ, ಮತ್ತೆ ಆ ರೇಡಾರ್ ದಟ್ಟ ಕಾಡಿನಲ್ಲಿ ನೆಲದವರೆಗೆ ಇಳಿಯದೆ ಮರಗಳ ತಲೆಯ ಹತ್ತಿರದಿಂದಲೇ ವಾಪಸ್ ಬಂದುಬಿಡುತ್ತದೆ. ಬಯಲಲ್ಲಿ, ದುಂಡಗಿನ ಗುಡ್ಡದಲ್ಲಿ ಇದು ಪರವಾಗಿಲ್ಲ. ಶೇಷ ಪರ್ವತದ ಅಂಚು ನೋಡಿದವರಿಗೆ ಗೊತ್ತು, ಒಂದು ಕಡೆ ನೇರ ಪ್ರಪಾತ. ಜಿಪಿಎಸ್ ನಿಮ್ಮನ್ನು ಹದಿನೈದು ಮೀಟರ್ ಪಕ್ಕಕ್ಕೆ ಸರಿಸಿದರೆ ನಕ್ಷೆಯ ಲೆಕ್ಕದಲ್ಲಿ ಪ್ರಪಾತಕ್ಕೆ ಇಳಿದು ಹತ್ತಿ ಬಂದ ಹಾಗೆ ಆಗುತ್ತದೆ. ತಮ್ಮನ ದಾಖಲೆಯನ್ನು ಒಂದು ಆ್ಯಪ್‌ನಲ್ಲಿ ಹೀಗೆ ತಿದ್ದಿ ನೋಡಿದೆ. 2,390 ಇಳಿದು 1,960 ಆಯಿತು. ಮೊದಲಿಗಿಂತ ವಾಸಿ. ಬ್ಯಾರೋಮೀಟರ್ ಇರುವವರು ಮಾತ್ರ ಘಟ್ಟದ ದಾರಿಗಳಲ್ಲಿ ಈ ಬಟನ್ ಮುಟ್ಟಬೇಡಿ.

ಸಾವನದುರ್ಗದಲ್ಲಿ ಒಂದೇ ದಾರಿಯಲ್ಲಿ ನಾಲ್ಕು ಸಲ ಹತ್ತಿದೆ, ಬೇರೆ ಬೇರೆ ಹೊತ್ತಿನಲ್ಲಿ. ಬುಡದಿಂದ ತುದಿಗೆ ಎಷ್ಟು ಅನ್ನುವುದರಲ್ಲಿ ಎಡಗೈ ವಾಚಿನ ನಾಲ್ಕು ಉತ್ತರಗಳು 12 ಮೀಟರಿನೊಳಗೆ ಇದ್ದವು. ಬಲಗೈ ವಾಚಿನವು 90 ಮೀಟರಿನಷ್ಟು ಚದುರಿದ್ದವು, ಅದೂ ಮರವೇ ಇಲ್ಲದ ಬೋಳು ಬಂಡೆಯ ಮೇಲೆ.

ಬ್ಯಾರೋಮೀಟರ್ ವಾಚಿನ ಕೆಟ್ಟ ದಿನಗಳನ್ನೂ ಹೇಳಬೇಕು. ಮುಳ್ಳಯ್ಯನಗಿರಿಯ ಮೇಲೆ, ದೇವಸ್ಥಾನದ ಮೆಟ್ಟಿಲ ಹತ್ತಿರ, ನಿಲ್ಲಲು ಬಿಡದಂಥ ಗಾಳಿ. ವಾಚಿನ ಪಕ್ಕದಲ್ಲಿ ಸೆನ್ಸರಿಗೆ ಅಂತ ಸಣ್ಣ ತೂತು ಇರುತ್ತದೆ, ಗಾಳಿ ಅದಕ್ಕೆ ನುಗ್ಗಿದಾಗೆಲ್ಲ ಎತ್ತರ ಆರೇಳು ಮೀಟರ್ ಮೇಲೆ ಕೆಳಗೆ ಹಾರುತ್ತಿತ್ತು. ಜಾಕೆಟ್ ತೋಳು ಎಳೆದು ಮುಚ್ಚಿದ ಮೇಲೆ ಸುಮ್ಮನಾಯಿತು. ಅಂದಹಾಗೆ ಮುಳ್ಳಯ್ಯನಗಿರಿಯ ಎತ್ತರವನ್ನೇ ಕೆಲವು ಕಡೆ 1,925 ಅಂತ, ಕೆಲವು ಕಡೆ 1,930 ಅಂತ ಬರೆದಿರುತ್ತಾರೆ. ಹಾಗಾಗಿ ಐದು ಮೀಟರ್ ವ್ಯತ್ಯಾಸಕ್ಕೆ ವಾಚಿನ ಜೊತೆ ಜಗಳ ಆಡುವುದು ಬೇಡ.

ಕೊಡಚಾದ್ರಿಯಲ್ಲಿ ಆದದ್ದು ಇನ್ನೂ ದೊಡ್ಡದು. ಎಡೆಬಿಡದ ಜಡಿಮಳೆ. ತೂತಿನ ಬಾಯಿಗೆ ನೀರು ಕಟ್ಟಿಕೊಂಡಿತು. ನಲವತ್ತು ನಿಮಿಷ ಹತ್ತಿದರೂ ಎತ್ತರ ಕದಲಲೇ ಇಲ್ಲ, ಆಮೇಲೆ ಒಮ್ಮೆಲೇ 130 ಮೀಟರ್ ಜಿಗಿಯಿತು. ಸರ್ವಿಸ್ ಸೆಂಟರಿಗೆ ತೆಗೆದುಕೊಂಡು ಹೋದರೆ ಅವರು ನೋಡದೆಯೇ ರೀಸೆಟ್ ಮಾಡಿ ಕೊಟ್ಟರು, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಮನೆಯಲ್ಲಿ ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೊಳೆದೆ. ಬೆವರಿನ ಉಪ್ಪು, ಸನ್‌ಸ್ಕ್ರೀನ್ ಕ್ರೀಮು ಗಟ್ಟಿಯಾಗಿ ಕೂತಿದ್ದದ್ದು ಬಿಟ್ಟುಕೊಂಡಿತು. ಪಿನ್ನು ಸೂಜಿ ಹಾಕಲು ಹೋಗಬೇಡಿ, ಒಳಗಿನ ಪೊರೆ ಹರಿದರೆ ಮುಗಿಯಿತು. ಈಗ ಪ್ರತಿ ಚಾರಣ ಆದ ಮೇಲೆ ನಲ್ಲಿ ನೀರಿನಲ್ಲಿ ತೊಳೆದು ಒಣಗಿಸುತ್ತೇನೆ.

ಸೆಟ್ ಮಾಡುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಹತ್ತಲು ಶುರು ಮಾಡುವ ಜಾಗದಲ್ಲಿ, ಶುರು ಮಾಡುವ ಮುಂಚೆ, ಖಚಿತವಾಗಿ ಗೊತ್ತಿರುವ ಎತ್ತರ ಹಾಕಬೇಕು. ಆ ಎತ್ತರ ಎಲ್ಲಿ ಸಿಗುತ್ತದೆ? ನಮ್ಮ ದೇಶದಲ್ಲಿ ಇದಕ್ಕೊಂದು ಒಳ್ಳೆಯ ಅನುಕೂಲ ಇದೆ. ರೈಲ್ವೆ ನಿಲ್ದಾಣದ ಹಳದಿ ಬೋರ್ಡು. ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದೆ, ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣದ್ದು 896 ಮೀಟರ್ ಚಿಲ್ಲರೆ. ಆ ಸಮುದ್ರ ಮಟ್ಟ ಅನ್ನುವುದನ್ನು ನಿಗದಿ ಮಾಡಿದ್ದು 1909ರಲ್ಲಿ, ಒಂಬತ್ತು ಬಂದರುಗಳ ಅಳತೆ ಸೇರಿಸಿ, ಅದರಲ್ಲಿ ನಮ್ಮ ಕಾರವಾರವೂ ಒಂದು. ರಾತ್ರಿ ರೈಲಿಗೆ ಬಂದು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯುವವರು ಅಲ್ಲೇ ಬೋರ್ಡು ನೋಡಿ ಸೆಟ್ ಮಾಡಿಕೊಂಡು ಕುಕ್ಕೆ ಕಡೆ ಹೊರಡಿ. ಬೆಂಗಳೂರಿನಲ್ಲಿ ಸೆಟ್ ಮಾಡಿಕೊಂಡು ಬಂದರೆ ಘಟ್ಟ ಇಳಿಯುವಷ್ಟರಲ್ಲಿ ಸೆಖೆ, ಹೊತ್ತು ಎರಡೂ ಬದಲಾಗಿ ಹತ್ತಾರು ಮೀಟರ್ ತಪ್ಪಿರುತ್ತದೆ.

ಜನವರಿಯಲ್ಲಿ ಎರಡನೇ ಸಲ ಕುಮಾರ ಪರ್ವತಕ್ಕೆ ಹೋದಾಗ ಜಿಪಿಎಸ್ ತಿದ್ದುಪಡಿಯನ್ನು ಆನ್ ಇಟ್ಟಿದ್ದೆ. ಅಂದರೆ ಬ್ಯಾರೋಮೀಟರ್ ಲೆಕ್ಕ ನಡೆಸುತ್ತದೆ, ಜಿಪಿಎಸ್ ಆಗಾಗ ನಿಧಾನವಾಗಿ ತಿದ್ದುತ್ತದೆ. ನೆತ್ತಿಯಲ್ಲಿ 1,703 ತೋರಿಸಿತು. ಒಂಬತ್ತೇ ಮೀಟರ್ ಕಡಿಮೆ. ಎಷ್ಟು ಎತ್ತರದಲ್ಲಿದ್ದೇನೆ ಅಂತ ತಿಳಿಯಲು ಇದೇ ಒಳ್ಳೆಯದು. ಆದರೆ ಕಾಡಿನೊಳಗೆ ತಿದ್ದುಪಡಿ ಎರಡು ಸಲ ಎಡವಿತು, ಆ ಎಡವಿದ್ದೂ ಒಟ್ಟು ಏರಿಕೆಗೆ ಸೇರಿ 1,851 ಆಯಿತು. ಈಗ ದೊಡ್ಡ ಬೆಟ್ಟಕ್ಕೆ ಹೋಗುವಾಗ ಆನ್ ಇಡುತ್ತೇನೆ, ತುರಹಳ್ಳಿಯಂಥ ಅಭ್ಯಾಸಕ್ಕೆ ಆಫ್ ಮಾಡುತ್ತೇನೆ.

ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ. ತಮ್ಮ ವಾಚು ತಗೊಂಡ ಅಂಗಡಿಯಲ್ಲಿ ಬೆಟ್ಟ ಹತ್ತಲಿಕ್ಕೆ ಬೇಕು ಅಂತ ಬಾಯಿ ಬಿಟ್ಟು ಹೇಳಿದ್ದೆವು. "ಎಲಿವೇಶನ್ ಎಲ್ಲಾ ಬರುತ್ತೆ ಸರ್" ಅಂದರು. ಬರುತ್ತೆ ನಿಜ, ಹೇಗೆ ಬರುತ್ತೆ ಅಂತ ನಾವು ಕೇಳಲಿಲ್ಲ. ಡಬ್ಬಿಯ ಮೇಲೆ ಎಲಿವೇಶನ್ ಅಂತ ಇದ್ದರೆ ಸಾಲದು, ಬ್ಯಾರೋಮೆಟ್ರಿಕ್ ಆಲ್ಟಿಮೀಟರ್ ಅಂತ ಅಕ್ಷರದಲ್ಲಿ ಬರೆದಿರಬೇಕು. ಬೆಲೆ, ಹೊಸತು ಹಳತು ನೋಡಿ ಊಹಿಸಬೇಡಿ. ಗಾರ್ಮಿನ್ ಫೋರ್‌ರನ್ನರ್ 55ರಲ್ಲಿ ಇಲ್ಲ, 255ರಲ್ಲಿ ಇದೆ. ಫಿಟ್‌ಬಿಟ್ ಚಾರ್ಜ್ 4ರಲ್ಲಿ ಇತ್ತು, 2021ರಲ್ಲಿ ಬಂದ ಚಾರ್ಜ್ 5ರಲ್ಲಿ ತೆಗೆದುಬಿಟ್ಟರು. ಆ್ಯಪಲ್ ವಾಚಿನಲ್ಲಿ 2017ರ ಸೀರೀಸ್ 3ರಿಂದ ಇದೆ. ಕೋರೋಸ್ ಪೇಸ್ 3ರಲ್ಲಿ ಇದೆ. ಎರಡು ಮೂರು ಸಾವಿರದ ವಾಚುಗಳಲ್ಲಿ ಎಷ್ಟೋ ಸಲ ಜಿಪಿಎಸ್ಸೇ ಇರುವುದಿಲ್ಲ, ಫೋನಿನದನ್ನು ಬಳಸುತ್ತವೆ. ಹಾಗಂತ ಹೊಸ ವಾಚು ತಗೊಳ್ಳಲೇಬೇಕು ಅಂತ ಇಲ್ಲ. ನಿಮ್ಮ ಫೋನಿನಲ್ಲೇ ಬ್ಯಾರೋಮೀಟರ್ ಇರಬಹುದು, 2014ರ ಐಫೋನ್ 6ರಿಂದ ಈಚೆಗಿನ ಹೆಚ್ಚಿನ ಐಫೋನ್‌ಗಳಲ್ಲಿ ಇದೆ. ಫೋನನ್ನು ಹಿಡಿದುಕೊಂಡು ಮನೆಯ ಮೆಟ್ಟಿಲು ಒಂದು ಮಹಡಿ ಹತ್ತಿ ನೋಡಿ. ಒತ್ತಡ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಸಂಖ್ಯೆ ಇಳಿದರೆ ಇದೆ ಅಂತಲೇ ಅರ್ಥ.

ತಮ್ಮನ ವಾಚು ಈಗ ಅವನಿಗೆ ವಾಪಸ್ ಹೋಗಿದೆ. ಲಾಲ್‌ಬಾಗಿನಲ್ಲಿ ಓಡಲು, ನಿದ್ದೆ ನೋಡಲು, ಹೃದಯ ಬಡಿತಕ್ಕೆ ಅದು ಚೆನ್ನಾಗಿಯೇ ಇದೆ. ತುರಹಳ್ಳಿಯಲ್ಲಿ ಅವನು ಈಗ ಮೀಟರ್ ನೋಡುವುದಿಲ್ಲ, ಸುತ್ತು ಎಣಿಸುತ್ತಾನೆ. ಮೊದಲು ಎಷ್ಟು ಸುತ್ತು ಹಾಕುತ್ತಿದ್ದನೋ ಅದರ ಮೇಲೆ ಮೂರರಲ್ಲಿ ಎರಡು ಪಾಲು ಜಾಸ್ತಿ. ಜನವರಿಯಲ್ಲಿ ಅವನೂ ಬಂದಿದ್ದ. ಕಲ್ಲು ಮಂಟಪದಲ್ಲಿ ಕೂತಾಗ ನಾನೇ ಕೇಳಿದೆ, ಇನ್ನೆಷ್ಟು ಹೇಳಲಾ ಅಂತ. ಬೇಡ ಅಣ್ಣ ಅಂದ, ಬಾಟಲಿ ಮುಚ್ಚಳ ತಿರುಗಿಸಿ ಎದ್ದು ನಡೆದ.